ಟೈಪ್‌ರೈಟರ್ ವಾಪಸ್ ಇಡಲು ಹೋದ ಹುಡುಗ

ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಕೊಠಡಿಯಲ್ಲಿ ಶನಿವಾರ ಮಧ್ಯಾಹ್ನ ಸಿನಿಮಾ ತೋರಿಸಲು ಶುರುಮಾಡಿ ಹನ್ನೊಂದು ವರ್ಷವಾಯಿತು. ಗೋಡೆಗೆ ಬಿಳಿ ಪಂಚೆ, ಎರವಲು ತಂದ ಪ್ರೊಜೆಕ್ಟರು, ಒಂಬತ್ತು, ಹತ್ತನೇ ತರಗತಿಯ ಮೂವತ್ತು ನಲವತ್ತು ಮಕ್ಕಳು. ಹಾದಿ ತಪ್ಪಿದ ಹುಡುಗರ ಚಿತ್ರ ನೋಡಿದರೆ ಇವರು ಹಾದಿ ತಪ್ಪಲಾರರು ಎಂಬುದು ಮೊದಲ ವರ್ಷದ ನನ್ನ ಲೆಕ್ಕ. ಆ ಲೆಕ್ಕ ತಲೆಕೆಳಗಾದದ್ದು ಹೀಗೆ:

1. ನಟನ ವಯಸ್ಸು ಮೊದಲೇ ನೋಡಿಕೊಳ್ಳಿ. ‘ರೆಬೆಲ್ ವಿದೌಟ್ ಎ ಕಾಸ್’ (1955) ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಹಿಂದಿನ ಬೆಂಚಿನಿಂದ ಬಂತು: “ಸಾರ್, ಇವ್ರು ಸ್ಟೂಡೆಂಟಾ, ಮೇಷ್ಟ್ರಾ?” ಹೈಸ್ಕೂಲ್ ಹುಡುಗನಾಗಿದ್ದ ಜೇಮ್ಸ್ ಡೀನ್‌ಗೆ ಆಗ 24 ವರ್ಷ. ದೊಡ್ಡವರು ಎಳೆಯರ ವೇಷ ಹಾಕಿದರೆ ನಮಗೆ ಗೊತ್ತಾಗುವುದಿಲ್ಲ, ಎಳೆಯರಿಗೆ ತಕ್ಷಣ ಗೊತ್ತಾಗುತ್ತದೆ.

2. ‘ಏನು ಕಲಿತಿರಿ?’ ಎಂದು ಕೇಳಬೇಡಿ. “ಕದಿಯಬಾರದು ಸಾರ್” ಎಂದು ಒಕ್ಕೊರಲಿನ ಉತ್ತರ ಬರುತ್ತದೆ. ಎರಡು ಅಂಕದ ಪ್ರಶ್ನೆ, ಎರಡು ಅಂಕದ ಉತ್ತರ.

3. ಅವರು ಎಲ್ಲಿ ನಗುತ್ತಾರೆ, ಎಲ್ಲಿ ನಗು ನಿಲ್ಲುತ್ತದೆ ಎಂದು ಗಮನಿಸಿ. ಫ್ರಾನ್ಸಿನ ತ್ರುಫೊ ನಿರ್ದೇಶಿಸಿದ ‘ದ 400 ಬ್ಲೋಸ್’ (1959) ನಾನು ಅತಿ ಹೆಚ್ಚು ಸಲ ಹಾಕಿದ ಚಿತ್ರ. ತ್ರುಫೊ ತಾನೇ ಬಾಲಕರ ತಿದ್ದುಮನೆ ಕಂಡು ಬಂದವರು. ಶಾಲೆಗೆ ಚಕ್ಕರ್ ಹೊಡೆದ ಆಂಟ್ವಾನ್, ಕಾರಣ ಕೇಳಿದ ಮೇಷ್ಟರಿಗೆ ಅಮ್ಮ ಸತ್ತುಹೋದಳು ಎಂದುಬಿಡುತ್ತಾನೆ. ಅಲ್ಲಿ ಕೊಠಡಿ ಬಿದ್ದು ಬಿದ್ದು ನಗುತ್ತದೆ. ಅಜ್ಜಿಯನ್ನು ಮೂರು ಸಲ ಸಾಯಿಸಿ ರಜೆ ಪಡೆದವರು ಅಲ್ಲೇ ಇರುತ್ತಾರೆ. ಆಮೇಲೆ ಅಪ್ಪ ಶಾಲೆಗೇ ಬಂದು ಎಲ್ಲರೆದುರು ಕೆನ್ನೆಗೆ ಬಾರಿಸುತ್ತಾನೆ. ಆಗ ಪ್ರೊಜೆಕ್ಟರಿನ ಫ್ಯಾನ್ ಸದ್ದೊಂದೇ ಕೇಳಿಸುತ್ತದೆ.

ಮುಂದೆ ಆಂಟ್ವಾನ್ ಅಪ್ಪನ ಆಫೀಸಿನ ಟೈಪ್‌ರೈಟರ್ ಕದಿಯುತ್ತಾನೆ. ಮಾರಲು ಆಗುವುದಿಲ್ಲ, ಸಿಕ್ಕಿಬೀಳುತ್ತಾನೆ. ಕಳ್ಳತನದ ಬಗ್ಗೆ ಎಂದು ನಾನು ಚರ್ಚೆ ಸಿದ್ಧಮಾಡಿಕೊಂಡಿದ್ದೆ. ವರ್ಷವಿಡೀ ಬಾಯಿ ಬಿಡದಿದ್ದ ಹುಡುಗಿಯೊಬ್ಬಳು ಎದ್ದಳು: “ಕದಿಯೋವಾಗ ಸಿಗ್ಲಿಲ್ಲ ಸಾರ್. ವಾಪಸ್ ಇಡೋಕೆ ಹೋದಾಗ ಸಿಕ್ಕಾಕ್ಕೊಂಡ.” ಅಷ್ಟು ಸಲ ನೋಡಿದ್ದ ನನಗೆ ಇದು ಹೊಳೆದಿರಲಿಲ್ಲ. ನಾವು ಅಪರಾಧ ನೋಡುತ್ತ ಕೂತಿರುತ್ತೇವೆ. ಅವರು ನೋಡುವುದು ದೊಡ್ಡವರು ಯಾವ ಗಳಿಗೆಯಲ್ಲಿ ಹಿಡಿದರು ಎಂಬುದನ್ನು. ಆವತ್ತಿನಿಂದ ನಾನೂ ಇಂಥ ಚಿತ್ರಗಳಲ್ಲಿ ಹುಡುಗನಿಗಿಂತ ಹೆಚ್ಚಾಗಿ ಅವನ ಸುತ್ತ ನಿಂತವರನ್ನೇ ನೋಡತೊಡಗಿದೆ.

4. ಕೊನೆಯ ಬೆಂಚಿನ ಹಿಂದೆ ಕೂತು ಪ್ರಶ್ನೆ ಕೇಳಿ. ಇದನ್ನೂ ಆ ಚಿತ್ರವೇ ಕಲಿಸಿತು. ತಿದ್ದುಮನೆಯಲ್ಲಿ ಮನಶ್ಶಾಸ್ತ್ರಜ್ಞೆ ಆಂಟ್ವಾನ್‌ನನ್ನು ವಿಚಾರಿಸುವಾಗ ಆಕೆಯ ದನಿ ಮಾತ್ರ ಇದೆ, ಮುಖ ಇಲ್ಲ. ಕ್ಯಾಮೆರಾ ಹುಡುಗನ ಮೇಲೇ ಇರುತ್ತದೆ. ಆಂಟ್ವಾನ್ ಆಗಿದ್ದ ಹದಿನಾಲ್ಕರ ಝಾಂ-ಪಿಯೆರ್ ಲಿಯೋ ಅಲ್ಲಿ ಬಾಯಿಪಾಠ ಒಪ್ಪಿಸಲಿಲ್ಲ, ತನ್ನದೇ ಮಾತಿನಲ್ಲಿ ಉತ್ತರ ಕೊಟ್ಟ. ನಾನೂ ಕರಿಹಲಗೆ ಬಿಟ್ಟು ಹಿಂದೆ ಹೋಗಿ ಕೂತೆ, ಲೈಟ್ ಅರ್ಧ ಹಾಕಿಸಿದೆ. ನನ್ನ ಮುಖ ಕಾಣದಿದ್ದ ಮೇಲೆ ಮಾತು ಬಂತು.

5. ನೀವು ಅತ್ತ ದೃಶ್ಯಕ್ಕೆ ಅವರೂ ಅಳಬೇಕಿಲ್ಲ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಬಂದಾಗಿನಿಂದ ಕನ್ನಡ ಮೇಷ್ಟರಿಗೆಲ್ಲ ಚಾಮಯ್ಯ ಮೇಷ್ಟರೇ ಆದರ್ಶ, ನನಗೂ. ಅಶ್ವಥ್ ಆ ಪಾತ್ರದಲ್ಲಿ ‘ರಾಮಾಚಾರಿ’ ಎಂದು ಕರೆದರೆ ಈಗಲೂ ಗಂಟಲು ಕಟ್ಟುತ್ತದೆ. ಗುರುವಿನ ಮಾತಿಗೆ ರಾಮಾಚಾರಿ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಟ್ಟದ್ದನ್ನು ತ್ಯಾಗ ಎಂದು ವಿವರಿಸುತ್ತಿದ್ದೆ. “ಬಿಟ್ಟುಕೊಡೋಕೆ ಅಲಮೇಲು ಏನು ರಾಮಾಚಾರಿ ಕೊಡೇನಾ ಸಾರ್?” ಅಂದಳು ಹತ್ತನೇ ಕ್ಲಾಸಿನವಳು. ಅಲಮೇಲುವಿನ ಮದುವೆ ಎಲ್ಲಿಗೆ ಮುಟ್ಟಿತು ಎಂದು ಚಿತ್ರ ನೋಡಿದವರಿಗೆ ಗೊತ್ತು. ಪ್ರೀತಿಯಿಂದಲೇ ಕೆಡಿಸಿದ ಹಿರಿಯನ ಕಥೆ ಇದು ಎಂದು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಪೂರ್ತಿ ಒಪ್ಪಿದ್ದೇನೆಯೇ, ಹೇಳಲಾರೆ.

6. ಕೆಲವು ಚಿತ್ರಗಳನ್ನು ಸ್ಟಾಫ್ ರೂಮಿನಲ್ಲಿ ಹಾಕಬೇಕು. ಪೃಥ್ವಿ ಕೊಣನೂರರ ‘ಹದಿನೇಳೆಂಟು’ (2022) ಅಂಥದ್ದು. ಪಿಯುಸಿಯ ಹುಡುಗ, ಹುಡುಗಿಯ ಖಾಸಗಿ ವಿಡಿಯೋ ಹೊರಬೀಳುತ್ತದೆ. ಮುಂದಿನದು ಹೆಚ್ಚಾಗಿ ಕಾಲೇಜಿನ ವಿಚಾರಣೆ, ಅದರೊಳಕ್ಕೆ ಮೆಲ್ಲಗೆ ಸೇರಿಕೊಳ್ಳುವ ಜಾತಿ. ಸಹೋದ್ಯೋಗಿಗಳಿಗೆ ತೋರಿಸಿದೆ. ಮುಗಿದ ಮೇಲೆ ‘ಇಬ್ಬರಿಗೂ ಟಿ.ಸಿ. ಕೊಟ್ಟಿದ್ದರೆ ಮುಗಿದುಹೋಗ್ತಿತ್ತು’ ಎಂದು ಒಬ್ಬರು ಶುರುಮಾಡಿ, ಚಿತ್ರದ ಮೀಟಿಂಗೇ ನಮ್ಮಲ್ಲಿ ಮುಂದುವರಿಯಿತು. ಚಹಾ ತಣ್ಣಗಾಯಿತು.

7. ಸಿನಿಮಾ ಮುಗಿದ ಕೂಡಲೇ ಲೈಟ್ ಹಾಕಬೇಡಿ. ಆಂಟ್ವಾನ್ ತಿದ್ದುಮನೆಯಿಂದ ತಪ್ಪಿಸಿಕೊಂಡು ಓಡಿ ಓಡಿ ಸಮುದ್ರ ಮುಟ್ಟುತ್ತಾನೆ, ತಿರುಗುತ್ತಾನೆ, ನಮ್ಮತ್ತ ನೋಡುತ್ತಾನೆ. ಚಿತ್ರ ಅಲ್ಲಿಗೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಪ್ರತಿವರ್ಷ ಯಾರಾದರೂ ಒಬ್ಬ ಹುಡುಗ “ಸಾರ್, ಹ್ಯಾಂಗ್ ಆಯ್ತು” ಎನ್ನುತ್ತ ಎದ್ದು ಬಂದು ಲ್ಯಾಪ್‌ಟಾಪ್ ಗುಂಡಿ ಒತ್ತುತ್ತಾನೆ. ಇನ್ನೂ ಸ್ವಲ್ಪ ಇರಬೇಕು ಎಂದು ಅವನಿಗೆ ಖಾತ್ರಿ. ನಾನು ತಡೆಯುವುದಿಲ್ಲ.