ಮುಂಬಯಿ ಪ್ರವಾಸ: ಮಳೆನೀರಿನ ಎಚ್ಚರ

ಭಾದ್ರಪದದಲ್ಲಿ ಬಂಧುಗಳನ್ನು ಕಾಣಲು ಮುಂಬಯಿಗೆ ತೆರಳುವ ಸದ್ಭಕ್ತರು ಅನೇಕರು. ವರ್ಷಾ ಋತುವಿನಲ್ಲಿ ಜಠರಾಗ್ನಿಯು ಮಂದವಾಗಿರುವುದರಿಂದ ಬಿಸಿಯಾದ ಲಘು ಆಹಾರ, ಕುದಿಸಿ ಆರಿಸಿದ ನೀರು ಹಿತಕರ.

ಇದಕ್ಕಿಂತ ಮಿಗಿಲಾದ ಎಚ್ಚರವೊಂದುಂಟು. ದಾದರಿನ ಹಿಂದಮಾತಾದಂತಹ ತಗ್ಗಿನಲ್ಲಿ ನಿಲ್ಲುವ ಮಳೆನೀರಿಗೆ ಇಲಿಗಳ ಮೂತ್ರ ಬೆರೆತಿರಬಹುದು. ಅದರೊಳಗಿನ ರೋಗಾಣುವು ಕಾಲಿನ ಸಣ್ಣ ಗಾಯದ ಮೂಲಕವೂ ದೇಹವನ್ನು ಸೇರಿ ಇಲಿಜ್ವರವನ್ನು ತರುತ್ತದೆ. ಮಧುಮೇಹಿಗಳಿಗೆ ಅಂತಹ ಗಾಯವು ಅರಿವಿಗೇ ಬಾರದಿರಬಹುದು. ಆ ನೀರಿನಲ್ಲಿ ನಡೆಯಬೇಕಾಗಿ ಬಂದರೆ ಸಾಬೂನಿನಿಂದ ಕಾಲು ತೊಳೆದು, ತಡಮಾಡದೆ ವೈದ್ಯರ ಸಲಹೆ ಪಡೆಯಬೇಕು.

ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ, ಅಂದರೆ ಊರಿಗೆ ಮರಳಿದ ಮೇಲೆ, ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಾಣಿಸಬಹುದು. ಆಗ ಕಷಾಯ ಕುಡಿದು ಕಾಯುವುದು ಅಪಾಯಕರ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ. ಕೂಡಲೇ ಆಸ್ಪತ್ರೆಗೆ ತೆರಳಿ, ನಿಂತ ಮಳೆನೀರಿನಲ್ಲಿ ನಡೆದುದನ್ನು ತಪ್ಪದೆ ತಿಳಿಸಿರಿ. ಆ ಒಂದು ಮಾತು ಜೀವವನ್ನು ಉಳಿಸಬಲ್ಲದು.