ವರಪ್ರಸಾದ: ಪಡೆದದ್ದು ಹಂಚುವುದಕ್ಕೆ



ಜಪಸರ ಹಿಡಿದಾಗಲೆಲ್ಲ ನಾವು ಮಾತೆ ಮರಿಯಳನ್ನು ವರಪ್ರಸಾದ ತುಂಬಿದವಳೆಂದು ವಂದಿಸುತ್ತೇವೆ. ಒಂದೇ ಜಪಸರದಲ್ಲಿ ಐವತ್ತಕ್ಕೂ ಹೆಚ್ಚು ಸಲ ಆಡುವ ಈ ಮಾತಿನ ಅರ್ಥವೇನು?

ವರಪ್ರಸಾದವೆಂದರೆ ದೇವರು ತಮ್ಮ ದಿವ್ಯ ಜೀವದಲ್ಲಿ ನಮಗೆ ಉಚಿತವಾಗಿ ಕೊಡುವ ಪಾಲು. ಅದು ನಮ್ಮ ಸತ್ಕಾರ್ಯಗಳಿಗೆ ಸಿಗುವ ಕೂಲಿಯಲ್ಲ. ಮನುಷ್ಯನು ಸ್ವಂತ ಬಲದಿಂದಲೇ ನೀತಿವಂತನಾಗಬಲ್ಲನೆಂಬ ಪೆಲಾಜಿಯಸನ ಬೋಧನೆಯನ್ನು ಸಂತ ಅಗಸ್ಟೀನರು ಎದುರಿಸಿದರು. 418ರ ಕಾರ್ಥೇಜ್ ಸಭೆ ಅದನ್ನು ಖಂಡಿಸಿತು. ಮೊದಲ ಹೆಜ್ಜೆ ದೇವರದು, ಅದಕ್ಕೆ ಒಪ್ಪಿ ಸಹಕರಿಸುವುದು ನಮ್ಮದು ಎಂದು 1547ರಲ್ಲಿ ಟ್ರೆಂಟ್ ಮಹಾಸಭೆ ಬೋಧಿಸಿತು.

ಹಾಗಾದರೆ ವರಪ್ರಸಾದ ದೇವರಿಗೂ ನನಗೂ ಮಾತ್ರ ಸಂಬಂಧಿಸಿದ ವಿಷಯವೇ? ಅಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8 ಮತ್ತು 9ನೇ ಅಧ್ಯಾಯಗಳನ್ನು ಓದಿ ನೋಡಿ. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅವರು ಸಹಾಯಧನ ಕೂಡಿಸುತ್ತಿದ್ದರು. ಗ್ರೀಕ್ ಮೂಲದಲ್ಲಿ ದೇವರ ಕೃಪೆಗೆ ಬಳಸಿದ 'ಖಾರಿಸ್' ಎಂಬ ಪದವನ್ನೇ ಆ ಸಹಾಯಕ್ಕೂ ಬಳಸಿದ್ದಾರೆ. ದೇವರಿಂದ ಬಂದ ಕೃಪೆ ಮಕೆದೋನಿಯದ ಬಡವರ ಕೈಯಿಂದ ಇತರರಿಗೆ ನೆರವಾಗಿ ಹರಿಯಿತು. ಆದರೂ ಪೌಲರು ಯಾರನ್ನೂ ಬಲವಂತ ಮಾಡಲಿಲ್ಲ. ತಮ್ಮಲ್ಲಿ ಇಲ್ಲದ್ದನ್ನು ಕೊಡಿ ಎನ್ನಲಿಲ್ಲ.

ಅದೇ ಕೊರಿಂಥದಲ್ಲಿ ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಮೊದಲನೆಯ ಪತ್ರದ 11ನೇ ಅಧ್ಯಾಯದಲ್ಲಿ ಪೌಲರು ಇದನ್ನು ಕಟುವಾಗಿ ಖಂಡಿಸಿದ್ದಾರೆ.

ಈಗ ನಮ್ಮ ಕಡೆ ನೋಡೋಣ. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಕಥೋಲಿಕ ಕುಟುಂಬಗಳು ಕಡಿಮೆ. ಒಬ್ಬರ ಮನೆಮಾತು ಕೊಂಕಣಿ, ಮತ್ತೊಬ್ಬರದು ತಮಿಳು, ಇನ್ನೊಬ್ಬರದು ಕನ್ನಡ. ಕೆಲವರಿಗೆ ಅಡಿಕೆ ತೋಟವಿದೆ, ಕೆಲವರಿಗೆ ದಿನಗೂಲಿಯೇ ಗತಿ. ಮಳೆ ಕೈಕೊಟ್ಟ ವರ್ಷ ಹಬ್ಬದ ವಂತಿಗೆ ಕೊಡಲಾಗದ ಮನೆಯವರು ನಾಚಿಕೊಂಡು, ಹಬ್ಬದ ಬಲಿಪೂಜೆಗೇ ಬಾರದೆ ಉಳಿದರೆ? ಆ ನಷ್ಟ ಅವರೊಬ್ಬರದಲ್ಲ, ಇಡೀ ಧರ್ಮಕೇಂದ್ರದ್ದು. ದೇವರು ಉಚಿತವಾಗಿ ಕೊಟ್ಟದ್ದಕ್ಕೆ ನಾವು ಬೆಲೆ ಕಟ್ಟಿದಂತಾಯಿತು.

ನಮ್ಮ ನೆಲದ ನೀರನ್ನೇ ನೋಡಿ. ಬಾಬಾಬುಡನ್‌ಗಿರಿ ಸಾಲಿನ ಮಳೆ ಅಯ್ಯನಕೆರೆಗೂ ಮದಗದ ಕೆರೆಗೂ ಬರುತ್ತದೆ. ಅಲ್ಲಿಂದ ಹರಿಯುವ ವೇದಾ ಮತ್ತು ಅವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಆ ಮಳೆಯನ್ನು ಯಾರೂ ದುಡಿದು ತಂದದ್ದಲ್ಲ. ಆದರೆ ಕಾಲುವೆಯ ಮೇಲಿನ ಗದ್ದೆಯವರು ನೀರು ತಡೆದರೆ ಕೊನೆಯ ಗದ್ದೆ ಒಣಗುತ್ತದೆ.

ಆದುದರಿಂದ, ಉಳ್ಳವರೇ, ವಂತಿಗೆ ಕೊಡಲಾಗದವರ ಹೆಸರನ್ನು ಬಯಲು ಮಾಡಬೇಡಿ. ದೂರ ಉಳಿದವರ ಮನೆಗೆ ಇಬ್ಬರು ಹೋಗಿ, ಹಣದ ಮಾತೆತ್ತದೆ ಕರೆದುಕೊಂಡು ಬನ್ನಿ. ಕಷ್ಟದಲ್ಲಿರುವವರೇ, ಬರಿಗೈಯೆಂದು ಹಿಂಜರಿಯಬೇಡಿ. ಪವಿತ್ರಾತ್ಮರು ಎಲ್ಲರ ಹಿತಕ್ಕಾಗಿ ಒಬ್ಬೊಬ್ಬರಿಗೂ ಒಂದೊಂದು ವರ ಕೊಟ್ಟಿದ್ದಾರೆ. ಹಾಡುವ ಕಂಠ, ರೋಗಿಯ ಬಳಿ ಕೂರುವ ತಾಳ್ಮೆ, ಮಕ್ಕಳಿಗೆ ಜಪ ಕಲಿಸುವ ಒಲವು, ಇವೆಲ್ಲವೂ ಸಭೆಗೆ ಬೇಕು.

ಕುಟುಂಬ ಪ್ರಾರ್ಥನೆಯಲ್ಲಿ ಚಿಂತಿಸಿ:

1. ಇತ್ತೀಚೆಗೆ ದೇವಾಲಯಕ್ಕೆ ಬಾರದಿರುವ ನೆರೆಯವರು ಯಾರು? ಕಾರಣ ವಿಚಾರಿಸಿದ್ದೇವೆಯೇ?

2. ದೇವರು ನಮಗೆ ಕೊಟ್ಟ ಯಾವ ವರವನ್ನು ನಮ್ಮಲ್ಲೇ ಹಿಡಿದಿಟ್ಟುಕೊಂಡಿದ್ದೇವೆ?

ಪ್ರಭು ಕ್ರಿಸ್ತರ ಕೃಪೆ ನಿಮ್ಮ ಮನೆಗಳಲ್ಲಿ ನೆಲೆಸಲಿ.