ಮನೆತನದ ಕೋವಿ

ತಗಡೂರು ಎಂದೊಡನೆ ನಂಜನಗೂಡು ಸೀಮೆಯವರಿಗೆ ನೆನಪಾಗುವುದು ಖಾದಿ, ಮತ್ತು ಗಾಂಧೀವಾದಿ ತಗಡೂರು ರಾಮಚಂದ್ರರಾಯರು. ಇಂಥ ಬಯಲುಸೀಮೆಯಲ್ಲಿ ತಾತನಿಂದ ಮೊಮ್ಮಗನಿಗೆ ಬರುವ ಆಸ್ತಿಯೆಂದರೆ ಹೊಲಗದ್ದೆ, ತಾಮ್ರದ ಹಂಡೆ, ನಾಲ್ಕಾರು ಒಡವೆ. ಮೈಸೂರು ಜಿಲ್ಲೆಯ ಗಡಿ ದಾಟಿ ಪಶ್ಚಿಮಕ್ಕೆ ಕೊಡಗನ್ನು ಹೊಕ್ಕರೆ ಈ ಪಟ್ಟಿಗೆ ಇನ್ನೊಂದು ವಸ್ತು ಸೇರುತ್ತದೆ. ಅದು ಬೇಟೆಯ ಕೋವಿ. ಬೇಟೆಯೇ ನಿಂತುಹೋದ ಮೇಲೂ ಕೋವಿ ಹೇಗೆ ಉಳಿಯಿತು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಮೊದಲು ವಸ್ತುವಿನ ಪರಿಚಯ. ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾದ ಗೀರುಗಳಿರುತ್ತವೆ. ಅದು ಒಂದೇ ಗುಂಡನ್ನು ದೂರಕ್ಕೆ ಹಾರಿಸುತ್ತದೆ. ಬೇಟೆಯ ಕೋವಿಯ ನಳಿಗೆ ಒಳಗೆ ನುಣುಪಾದುದು. ಅದು ಸೀಸದ ಚರೆಗಳನ್ನು ಹರಡಿ ಹೊಡೆಯುತ್ತದೆ. ಹಿಂದೆ ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಜಡಿಯುವ ಕೇಪಿನ ಕೋವಿಗಳಿದ್ದವು. ಅನಂತರ ಹಿಂಬದಿಯಿಂದ ತೋಟಾ ಹಾಕುವ ಕೋವಿಗಳು ಬಂದವು. ‘ಹನ್ನೆರಡು ಬೋರ್’ ಎಂಬ ಮಾತಿನ ಅರ್ಥ ಕುತೂಹಲಕರವಾಗಿದೆ. ಒಂದು ಪೌಂಡು ಸೀಸದಿಂದ 12 ಸಮನಾದ ಗುಂಡುಗಳನ್ನು ಮಾಡಿದರೆ, ಅಂಥ ಒಂದು ಗುಂಡಿನ ಅಗಲವೇ ಆ ನಳಿಗೆಯ ಅಗಲ. ಅದು ಸುಮಾರು 18.5 ಮಿಲಿಮೀಟರು. ಆದುದರಿಂದಲೇ 16 ಬೋರಿನ ನಳಿಗೆ 12 ಬೋರಿಗಿಂತ ಕಿರಿದು.

ಇನ್ನು ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಕೋವಿಗೆ ಪರವಾನಗಿ ಬೇಕು. ಹೊಲವು ತಂದೆಯ ತರುವಾಯ ಮಗನಿಗೆ ಬರುವಂತೆ ಕೋವಿ ಬರಲಾರದು. ಪರವಾನಗಿದಾರನು ತೀರಿಕೊಂಡರೆ ಮನೆಯವರು ಅದನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಒಪ್ಪಿಸಬೇಕು. ವಾರಸುದಾರನು ತನ್ನ ಹೆಸರಿಗೆ ಪರವಾನಗಿ ಪಡೆದು ಬಿಡಿಸಿಕೊಳ್ಳಬಹುದು, ಇಲ್ಲವೆ ಮಾರಬಹುದು. ಗೊತ್ತಾದ ಅವಧಿಯೊಳಗೆ ಎರಡನ್ನೂ ಮಾಡದಿದ್ದರೆ ಅದು ಸರ್ಕಾರದ ಪಾಲಾಗುತ್ತದೆ. 2019ರ ತಿದ್ದುಪಡಿಯು ಒಬ್ಬನ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪರಂಪರೆಯಿಂದ ಬಂದವಕ್ಕೂ ಇದೇ ಮಿತಿ.

ಕೊಡಗಿನ ಸ್ಥಿತಿ ಬೇರೆ. 1861ರಲ್ಲಿ ಬ್ರಿಟಿಷ್ ಆಡಳಿತವು ಕೊಡವರನ್ನು ನಿಶ್ಶಸ್ತ್ರೀಕರಣದ ಕಾನೂನಿನಿಂದ ಬಿಟ್ಟಿತು. ಸ್ವಾತಂತ್ರ್ಯಾನಂತರವೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರವು ಇದನ್ನು 2029ರವರೆಗೆ ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧವೆಂಬ ಆಕ್ಷೇಪಣೆ ಬಂದಾಗ, ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ವಿನಾಯಿತಿಯನ್ನೇ ಎತ್ತಿಹಿಡಿಯಿತು.

ಆದರೆ ಕೋವಿ ಉಳಿದದ್ದು ಕಾನೂನಿನ ಕೃಪೆಯಿಂದ ಮಾತ್ರವೆ? ಅಲ್ಲವೆಂದು ತೋರುತ್ತದೆ. ವನ್ಯಜೀವಿಗಳ ರಕ್ಷಣೆಗಾಗಿ 1972ರಲ್ಲಿ ಬಂದ ಕಾಯಿದೆ ಬೇಟೆಯನ್ನು ಬಿಗಿಮಾಡಿತು. 1991ರ ತಿದ್ದುಪಡಿ ಪರವಾನಗಿಯ ಬೇಟೆಯನ್ನೂ ತೆಗೆದುಹಾಕಿತು. ಕೆಲಸ ಹೋದ ಆಯುಧ ಅಟ್ಟ ಸೇರಬೇಕಾಗಿತ್ತು. ಕೊಡಗಿನಲ್ಲಿ ಹಾಗಾಗಲಿಲ್ಲ, ಏಕೆಂದರೆ ಅಲ್ಲಿ ಕೋವಿಗೆ ಬೇಟೆಯ ಹೊರಗೂ ಒಂದು ಸ್ಥಾನವಿತ್ತು. ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು ಈಡು ಹಾರಿಸುವುದು ರೂಢಿ. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಕೋವಿಯನ್ನು ಒರೆಸಿ, ‘ತೋಕ್ ಪೂ’ ಎಂಬ ಹೂವಿಟ್ಟು ಪೂಜಿಸುತ್ತಾರೆ. ನಮ್ಮ ಕಡೆಯವರು ಅಗ್ನಿಶಿಖೆ ಎನ್ನುವ ಹೂವೇ ಅದು. ಕೊಡವ ಮಾತಿನಲ್ಲಿ ತೋಕ್ ಎಂದರೆ ಕೋವಿ. ಅಂದು ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವೂ ಉಂಟು. ಹೀಗೆ ಪ್ರಾಣಿಯ ಮೇಲಿದ್ದ ಗುರಿ ಕಾಯಿಯ ಮೇಲೆ ನಿಂತಿತು.

ಹಳೆಯ ಕೋವಿಯನ್ನು ಪಡೆದವನಿಗೆ ಎಚ್ಚರವೂ ಅಗತ್ಯ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಹಿಂದಿನ ಕಾಲದ ಡಮಾಸ್ಕಸ್ ನಳಿಗೆಗಳು ಕರಿಮದ್ದಿಗಾಗಿ ಆದಂಥವು. ಹೊಗೆಯಿಲ್ಲದ ಇಂದಿನ ಮದ್ದಿನ ಒತ್ತಡಕ್ಕೆ ಅವು ಸೀಳಬಹುದು. ಬಲ್ಲವರಿಂದ ಪರೀಕ್ಷೆ ಮಾಡಿಸದೆ ತೋಟಾ ಹಾಕುವುದು ಪ್ರಾಣಾಪಾಯ.

ಮನೆತನದ ಕೋವಿಯೊಡನೆ ಮೊಮ್ಮಗನಿಗೆ ಬರುವುದು ಕೊಲ್ಲುವ ಹಕ್ಕಲ್ಲ, ಕಾಪಾಡುವ ಹೊಣೆ. ಗೋಡೆಯ ಮೇಲೆ ತೂಗಿಟ್ಟ ಮಾತ್ರಕ್ಕೆ ಪರಂಪರೆ ಉಳಿಯದು. ಕಾಗದಪತ್ರ ಕ್ರಮವಾಗಿರಬೇಕು, ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿರಬೇಕು, ಸಿಟ್ಟಿನ ಕೈಗೆ ಎಂದೂ ದೊರೆಯಬಾರದು. ಇಷ್ಟನ್ನು ನಡೆಸಲಾರದವನು ಅದನ್ನು ಕಾನೂನಿನಂತೆ ಒಪ್ಪಿಸಿಬಿಡುವುದೇ ಹಿರಿಯರಿಗೆ ತೋರುವ ಗೌರವ.